ದರ್ಜಿಯ ಜೇಬಿನ ವಾಷರ್

"ಬುದ್ಧಿ, ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಅದು ಸುಳ್ಳಾಗುತ್ತದೆಯೇ?"

ಮಠದ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಗುರುಗಳು ತಲೆ ಎತ್ತಲಿಲ್ಲ. ಕೇಳಿದವನು ಶಿಷ್ಯ ಮರುಳಯ್ಯ. ಹದಿನೆಂಟು ವರ್ಷದಿಂದ ಮಠದ ಉಗ್ರಾಣ ನೋಡಿಕೊಳ್ಳುವವನು. ಸುತ್ತಲ ಊರುಗಳಲ್ಲಿ ಮರುಳಯ್ಯನ ಮಾತೆಂದರೆ ಮಠದ ಮಾತೆಂದೇ ನಡೆಯುತ್ತಿತ್ತು.

ಅವನ ಅಂಗಿಯ ಜೇಬಿನಲ್ಲಿ ಅರಿಶಿನ ಹಚ್ಚಿದ ಲಗ್ನಪತ್ರಿಕೆಯೊಂದು ಇಣುಕುತ್ತಿತ್ತು. ಅಕ್ಕನ ಮಗನ ಮದುವೆಯದು. ಗುರುಗಳ ಪಾದದ ಹತ್ತಿರ ಇಟ್ಟು ವಿಭೂತಿ ಹಚ್ಚಿಸಿಕೊಂಡು ಹೋಗಲು ತಂದಿದ್ದ. ಆ ಹುಡುಗನಿಗೆ ಐದು ವರ್ಷದ ಹಿಂದೆ ಒಂದು ಮದುವೆಯಾಗಿತ್ತು. ಆ ಹೆಂಡತಿ ಏಟು ತಾಳಲಾರದೆ ವರ್ಷ ತುಂಬುವುದರೊಳಗೆ ತವರಿಗೆ ಓಡಿಹೋಗಿದ್ದಳು. ಕೋರ್ಟಿನಲ್ಲಿ ಬಿಡುಗಡೆಯೂ ಆಗಿತ್ತು. ಈಗಿನ ಹೆಣ್ಣಿನ ಕಡೆಯವರು ದೂರದ ಊರಿನವರು, ಅವರಿಗೆ ಇದೊಂದೂ ಗೊತ್ತಿಲ್ಲ. "ಮಠದವರು ನಡುವೆ ನಿಂತಿದ್ದೀರಿ, ನಾವು ಕೇಳೋದೇನಿದೆ?" ಎಂದು ಹೆಣ್ಣಿನ ತಂದೆ ಕೈಮುಗಿದಿದ್ದ. ಮರುಳಯ್ಯನೂ ಕೈಮುಗಿದು ಎದ್ದು ಬಂದಿದ್ದ. ಐದು ವರ್ಷದ ಹಿಂದಿನ ಪತ್ರಿಕೆಗೆ ವಿಭೂತಿ ಹಚ್ಚಿದ್ದವರು ಇದೇ ಗುರುಗಳು. ವಯಸ್ಸಾಗಿದೆ, ಮರೆತಿರುತ್ತಾರೆ ಎಂದು ಅವನ ಧೈರ್ಯ.

"ಯಾರ ವಿಷಯ ಇದು?" ಎಂದರು ಗುರುಗಳು.

"ಯಾರದ್ದೂ ಅಲ್ಲ ಬುದ್ಧಿ. ಸುಮ್ಮನೆ ಕೇಳಿದೆ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ."

"ಬಂಗಾರವೋ ಹಿತ್ತಾಳೆಯೋ ಉಜ್ಜಿ ನೋಡಿದರೆ ತಾನೆ ತಿಳಿಯೋದು? ಕೂತುಕೋ. ಸುಮ್ಮನೆ ಕೂರಬೇಡ, ಕಾಯಿ ಸುಲಿ. ಒಬ್ಬ ದರ್ಜಿಯ ಕತೆ ಹೇಳುತ್ತೇನೆ."

ಮರುಳಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ದರ್ಜಿ. ಕೈ ಒಳ್ಳೆಯದು, ಬಾಯಿ ಅದಕ್ಕಿಂತ ಒಂದು ಗೇಣು ಉದ್ದ. ಇಂಥ ಕೆಲಸ ಗೊತ್ತಿಲ್ಲ ಎಂದು ಅವನ ನಾಲಿಗೆ ಒಂದು ದಿನವೂ ಹೇಳಿದ್ದಿಲ್ಲ. ನಲ್ಲಿ ಸೋರಿದರೆ ತಾನೇ ಸರಿಮಾಡುವನು, ಮಿಕ್ಸಿ ಕೆಟ್ಟರೆ ತಾನೇ ಬಿಚ್ಚುವನು. ಬಿಚ್ಚಿದ್ದರಲ್ಲಿ ಅರ್ಧ ಮತ್ತೆ ಕೂಡುತ್ತಿತ್ತು, ಇನ್ನರ್ಧ ಅಟ್ಟ ಸೇರುತ್ತಿತ್ತು. ಆದರೂ ಒಳ್ಳೆಯವನು. ಹೆಂಡತಿ ಎಂದರೆ ಪ್ರಾಣ.

ಹೆಂಡತಿ ಸರ್ಕಾರದ ನರ್ಸಮ್ಮ. ಹದಿನಾರು ಹಳ್ಳಿಗೆ ಅವಳೊಬ್ಬಳೇ. ಕೂಸುಗಳಿಗೆ ಚುಚ್ಚುಮದ್ದು ಹಾಕಬೇಕು, ಬಸುರಿಯರನ್ನು ನೋಡಬೇಕು, ಹೆರಿಗೆ ಮಾಡಿಸಬೇಕು. ಅವಳಿಗೊಂದು ಸ್ಕೂಟರು. ಗೇರು ಗೀರು ಇಲ್ಲದ್ದು, ಕಿವಿ ಹಿಂಡಿದರೆ ಓಡುವಂಥದು. ಆ ಸ್ಕೂಟರಿನ ಹೊಟ್ಟೆಯೊಳಗೆ ಒಂದು ರಬ್ಬರಿನ ಬೆಲ್ಟ್ ಇರುತ್ತದಂತೆ. ಇಂಜಿನ್ನು ತಿರುಗಿದ್ದನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವುದು ಅದೇ. ಆಯುಧಪೂಜೆಯ ಹಿಂದಿನ ದಿನ ಅದು ಪಟ್ಟನೆ ಕಿತ್ತುಹೋಯಿತು. ಪಾಪ, ಆ ತಾಯಿ ಎರಡು ಮೈಲಿ ತಳ್ಳಿಕೊಂಡು ಬಂದಳು.

ದರ್ಜಿ ಮೆಕ್ಯಾನಿಕ್ ಹತ್ತಿರ ಓಡಿದ. ಅವನು ಅಂಗಡಿ ತೊಳೆದು, ಸಾಮಾನನ್ನೆಲ್ಲ ಒರೆಸಿ ಸಾಲಾಗಿ ಜೋಡಿಸಿ, ಚೆಂಡುಹೂವಿನ ಸರ ಕಟ್ಟುತ್ತಿದ್ದ. "ಹಬ್ಬ ಕಳೀಲಿ ಸ್ವಾಮಿ, ನಾಳಿದ್ದು ತನ್ನಿ" ಎಂದ.

"ನಾಳಿದ್ದೇ ಮಾಡಿಸೋಣ ಬಿಡಿ" ಎಂದಳು ಹೆಂಡತಿ.

ದರ್ಜಿಗೆ ಅಷ್ಟು ಸಾಕಾಯಿತು. "ಹೊಲಿಗೆ ಮೆಷಿನ್ನಿಗೂ ಬೆಲ್ಟು, ಸ್ಕೂಟರಿಗೂ ಬೆಲ್ಟು. ಇಪ್ಪತ್ತು ವರ್ಷದಿಂದ ಬೆಲ್ಟು ಹಾಕ್ತಿದ್ದೀನಿ. ಅವನೇನು ಆಕಾಶದಿಂದ ಇಳಿದು ಬಂದಿದ್ದಾನಾ?" ಎಂದ. ಹೊಸ ಬೆಲ್ಟು ಕೊಂಡು ತಂದ. ಪಕ್ಕದ ಹಿಟ್ಟಿನ ಗಿರಣಿಯವನ ಸ್ಪ್ಯಾನರುಗಳನ್ನು ಕೇಳಿ ಪಡೆದ. ಫೋನಿನಲ್ಲಿ ಯಾರೋ ಬೆಲ್ಟು ಬದಲಿಸುವುದನ್ನು ತೋರಿಸುವ ವಿಡಿಯೋ ಮೂರು ಸಲ ನೋಡಿದ. ಹಬ್ಬದ ದಿನ ಬೆಳಗ್ಗೆ ಅಂಗಳದಲ್ಲಿ ಹಳೆಯ ಪೇಪರು ಹಾಸಿ ಕೂತೇಬಿಟ್ಟ.

ಹಬ್ಬಕ್ಕೆ ಅವಳ ಅಣ್ಣ ಬಂದಿದ್ದ. ಲಾರಿ ಡ್ರೈವರು. ಜಗಲಿಯ ಮೇಲೆ ಕಾಲು ಚಾಚಿ ಕಾಫಿ ಕುಡಿಯುತ್ತ, "ಭಾವ, ಅದು ಕತ್ತರಿ ಹಿಡಿಯೋ ಕೈ. ಸ್ಪ್ಯಾನರ್ ಹಿಡಿದರೆ ಸ್ಕೂಟರಿಗೂ ಜೇಬು ಹೊಲಿದುಬಿಟ್ಟೀರಿ" ಎಂದು ಕಿಚಾಯಿಸಿದ. ಒಳಗಿನಿಂದ ಅವಳೂ ನಕ್ಕಳು. ದರ್ಜಿ ನಗಲಿಲ್ಲ. ಹಲ್ಲು ಕಚ್ಚಿ ತಿರುಪು ಬಿಚ್ಚಿದ.

ಮರುಳಯ್ಯ, ಸತ್ಯ ಹೇಳಬೇಕು, ಕೆಲಸ ಕೆಟ್ಟದಾಗಿ ಮಾಡಲಿಲ್ಲ ಅವನು. ಎಡಗಡೆಯ ಮುಚ್ಚಳ ತೆಗೆದ. ಚಕ್ರ ತಿರುಗದಂತೆ ಮರದ ತುಂಡು ಕೊಟ್ಟು ದೊಡ್ಡ ನಟ್ಟು ಸಡಿಲಿಸಿದ. ಹರಿದ ಬೆಲ್ಟಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿದ, ಹಳೆ ಬನಿಯನ್ನಿನಿಂದ ಒರೆಸಿದ. ಹೊಸ ಬೆಲ್ಟು ಕೂರಿಸಿದ. ನಟ್ಟು ಬಿಗಿದು ಮುಚ್ಚಳ ಹಾಕಿ ಸ್ಟಾರ್ಟು ಮಾಡಿದ. ಹಿಂದಿನ ಚಕ್ರ ಗಿರ್ರನೆ ತಿರುಗಿತು. ಲಾರಿಯವನು ಎದ್ದು ಬಂದು ಚಪ್ಪಾಳೆ ತಟ್ಟಿದ. "ಭಲೇ ಭಾವ! ಬಾಯಿ ಮುಚ್ಚಿಸಿಬಿಟ್ಟಿರಿ" ಎಂದ. ದರ್ಜಿಗೆ ಆಕಾಶಕ್ಕೆ ಮೂರೇ ಗೇಣು ಉಳಿಯಿತು.

ಆಮೇಲೆ ಸ್ಕೂಟರು ತೊಳೆದರು. ಕತ್ತರಿ, ಟೇಪು, ಇಸ್ತ್ರಿಪೆಟ್ಟಿಗೆ, ಹೊಲಿಗೆ ಮೆಷಿನ್ನು, ಜೊತೆಗೆ ಗಿರಣಿಯವನ ಸ್ಪ್ಯಾನರುಗಳು, ಎಲ್ಲವನ್ನೂ ಪೂಜೆಗೆ ಇಟ್ಟರು. ಅವಳು ತನ್ನ ಬಿ.ಪಿ. ನೋಡುವ ಯಂತ್ರವನ್ನೂ ತಂದಿಟ್ಟಳು. ಕುಂಕುಮ, ಹೂವು, ಊದುಬತ್ತಿ, ಮಂಗಳಾರತಿ. ನಿನಗೆ ಗೊತ್ತಲ್ಲ, ಹಾಗೆ ಇಟ್ಟ ಆಯುಧವನ್ನು ಮಾರನೆಯ ದಿನ ಪೂಜೆ ಕದಲಿಸುವವರೆಗೆ ಯಾರೂ ಮುಟ್ಟುವುದಿಲ್ಲ. ದರ್ಜಿ ಆ ದಿನ ಗುಂಡಿ ಸಹ ಹಾಕುವುದಿಲ್ಲ, ಕ್ಷೌರಿಕ ಕತ್ತಿ ಹಿಡಿಯುವುದಿಲ್ಲ.

ಪೂಜೆ ಮುಗಿಯಿತು. ದರ್ಜಿ ಅಂಗಳದಲ್ಲಿ ಬಿದ್ದಿದ್ದ ಪೇಪರು ಮಡಿಸಲು ಹೋದ. ಮೂಲೆಯಲ್ಲಿ ಗ್ರೀಸಿಗೆ ಅಂಟಿಕೊಂಡು ಒಂದು ವಾಷರ್ ಕೂತಿತ್ತು. ದಪ್ಪನೆಯದು, ಹಳೇ ಎಂಟಾಣೆಯಷ್ಟು ಅಗಲ.

ದರ್ಜಿಗಳ ಗುಣ ಕೇಳಿದ್ದೀಯಾ? ಕೊಟ್ಟ ಬಟ್ಟೆಯಲ್ಲಿ ಅಂಗಿ ಹೊಲಿದು, ಮೇಲೆ ಒಂದು ತುಂಡು ಉಳಿಸಿದರೆ ಅವನು ಜಾಣ. ಉಳಿದ ತುಂಡು ಅವನದೇ. ಇಪ್ಪತ್ತು ವರ್ಷದ ಅಭ್ಯಾಸ ನೋಡು, ವಾಷರ್ ಕಂಡ ಮೊದಲ ಕ್ಷಣ ಆ ಮನುಷ್ಯನಿಗೆ ಖುಷಿಯಾಯಿತು! ಏನೋ ಉಳಿಸಿದೆ ಎಂದು. ಎರಡನೆಯ ಕ್ಷಣಕ್ಕೆ ವಿಡಿಯೋದವನ ಮಾತು ನೆನಪಾಯಿತು. ನಟ್ಟು ಹಾಕುವ ಮೊದಲು ಈ ವಾಷರ್ ಹಾಕಲೇಬೇಕು, ಇದಿಲ್ಲದಿದ್ದರೆ ನಟ್ಟು ಎಷ್ಟು ಬಿಗಿದರೂ ಬೆಲ್ಟು ಹಿಡಿಯುವ ತಟ್ಟೆ ಬಿಗಿಯಾಗುವುದಿಲ್ಲ ಎಂದಿದ್ದ. ಆ ಖುಷಿ ಅಲ್ಲೇ ಇಂಗಿತು.

ಬಿಚ್ಚಬೇಕು, ಮತ್ತೆ ಹಾಕಬೇಕು. ಒಂದು ಗಂಟೆಯ ಕೆಲಸ. ಆದರೆ ಸ್ಪ್ಯಾನರು ದೇವರ ಮುಂದೆ ಕುಂಕುಮ ಹಚ್ಚಿಕೊಂಡು ಕೂತಿದೆ. ಜಗಲಿಯ ಮೇಲೆ ಭಾವಮೈದುನ ಕೂತಿದ್ದಾನೆ. ಯಾಕೆ ಭಾವ ಮತ್ತೆ ಬಿಚ್ಚಿದಿರಿ ಎನ್ನುತ್ತಾನೆ. ವರ್ಷವಿಡೀ ಅದೇ ಮಾತು, ಬೀಗರ ಮನೆಗಳಲ್ಲೆಲ್ಲ ಅದೇ ನಗು. ದರ್ಜಿ ತನಗೆ ತಾನೇ ಹೇಳಿಕೊಂಡ: ಪೂಜೆಗಿಟ್ಟದ್ದನ್ನು ಮುಟ್ಟಬಾರದು, ಅಪಚಾರ. ನಾಳೆ ಕದಲಿಸಿದ ಕೂಡಲೇ ಹಾಕಿಬಿಡುತ್ತೇನೆ. ಹಬ್ಬದ ದಿನ ಸ್ಕೂಟರು ಎಲ್ಲಿಗೆ ಹೋಗುತ್ತದೆ?

ಆಹಾ, ಎಂಥಾ ಮಡಿ, ಎಂಥಾ ಭಕ್ತಿ! ದೇವರೇನು ಸ್ಪ್ಯಾನರನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದನೇ? ಕೇಳಿದ್ದರೆ ತಾನೇ ಎತ್ತಿ ಕೊಡುತ್ತಿದ್ದ. ನಮಗೆ ಬೇಡದ ಕೆಲಸ ಬಂದಾಗ ಮಾತ್ರ ಶಾಸ್ತ್ರ ಬಾಯಿಪಾಠ ಬರುತ್ತದೆ.

ದರ್ಜಿ ಆ ಕಡೆ ಈ ಕಡೆ ನೋಡಿ ವಾಷರನ್ನು ಜೇಬಿಗೆ ಹಾಕಿಕೊಂಡ. ತಿರುಗಿದರೆ ಹೆಂಡತಿ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ಎಲ್ಲ ಸರಿ ಹೋಯ್ತಾ?" ಎಂದಳು.

"ಓಡ್ತಾ ಇದೆಯಲ್ಲ" ಎಂದ.

ನೋಡು, ಸುಳ್ಳು ಹೇಳಲಿಲ್ಲ. ಸ್ಕೂಟರು ಓಡುತ್ತಲೇ ಇತ್ತು.

ಮಧ್ಯಾಹ್ನ ಹೋಳಿಗೆ ಊಟ. ಹೋಳಿಗೆ ಅವನ ಗಂಟಲಲ್ಲಿ ಇಳಿಯಲಿಲ್ಲ. "ಯಾಕ್ರೀ, ತುಪ್ಪ ಕಮ್ಮಿಯಾಯ್ತಾ?" ಎಂದು ಅವಳು ಇನ್ನೊಂದು ಮಿಳ್ಳೆ ಹಾಕಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನನ್ನು ಯಾರೂ ಏನೂ ಅನ್ನಲಿಲ್ಲ, ಆದರೂ ಹತ್ತು ಸಲ ಜೇಬು ಮುಟ್ಟಿ ನೋಡಿಕೊಂಡ. ಲಾರಿಯವನು ಹೊಟ್ಟೆ ತುಂಬ ಉಂಡು ಅಲ್ಲೇ ಒರಗಿ ಗೊರಕೆ ಹೊಡೆದ.

ಮೂರು ಗಂಟೆಗೆ ಫೋನು ಬಂತು. ಗುಡ್ಡದಾಚೆಯ ಹಟ್ಟಿಯಲ್ಲಿ ಒಬ್ಬಳಿಗೆ ನೋವು ಶುರುವಾಗಿದೆ, ಚೊಚ್ಚಲು, ಬೇಗ ಬನ್ನಿ ನರ್ಸಮ್ಮ ಎಂದರು. ಹಬ್ಬದ ದಿನ ಬಸ್ಸಿಲ್ಲ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, ಚೀಲ ಎತ್ತಿಕೊಂಡು ಅಂಗಳಕ್ಕೆ ಬಂದಳು.

ಆಗ ಹೇಳಬಹುದಿತ್ತು. ತಾಳು ಇವಳೇ, ಒಂದು ತಪ್ಪಾಗಿದೆ, ಬೇರೆ ಗಾಡಿ ನೋಡುತ್ತೇನೆ ಎಂದಿದ್ದರೆ ಆಗಿಹೋಗುತ್ತಿತ್ತು. ಗಿರಣಿಯವನ ಮನೆಯಲ್ಲಿ ಬೈಕಿತ್ತು. ಗೊರಕೆ ಹೊಡೆಯುತ್ತಿದ್ದವನನ್ನು ಒದ್ದು ಎಬ್ಬಿಸಿದ್ದರೆ ಲಾರಿಯೇ ಇತ್ತು. ಆದರೆ ದರ್ಜಿ, ಚಕ್ರ ತಿರುಗಿಸಿ ನೋಡಿದ್ದೇನಲ್ಲ, ಹೋಗಿಬರಲು ಹದಿನಾಲ್ಕು ಮೈಲಿ, ಅಷ್ಟಕ್ಕೆ ಏನಾಗುತ್ತದೆ ಎಂದು ಲೆಕ್ಕ ಹಾಕಿದ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ. ಅವಳು ಸ್ಟಾರ್ಟು ಮಾಡಿ ನಿಂಬೆಹಣ್ಣು ತುಳಿಸಿ ಗೇಟು ದಾಟಿದಳು.

"ಇವಳೇ..." ಎಂದ ದರ್ಜಿ.

ಅವಳು ನಿಲ್ಲಿಸಿದಳು. ಕಾಲು ಊರಿ ತಿರುಗಿ ನೋಡಿದಳು. ಅಲ್ಲಿ ಹೆರಿಗೆಗೆ ಕಾಯುತ್ತಿದ್ದಾರೆ, ಇಲ್ಲಿ ಅವಳು ಗಂಡನ ಮುಖ ನೋಡುತ್ತ ನಿಂತಿದ್ದಾಳೆ. "ಏನು?" ಎಂದಳು. ಅವನ ಕೈ ಜೇಬಿನಲ್ಲಿತ್ತು. ವಾಷರ್ ಬೆರಳಿಗೆ ಸಿಕ್ಕಿತ್ತು.

"ಹುಷಾರು" ಎಂದ.

ಅವಳು ಇನ್ನೂ ಒಂದು ಗಳಿಗೆ ನಿಂತಳು. ಆಮೇಲೆ ಹೋದಳು.

ಮರುಳಯ್ಯನ ಕೈಯಲ್ಲಿ ಕಡಲೆಕಾಯಿ ಹಾಗೇ ಉಳಿದಿತ್ತು. "ಸುಲಿ, ಸುಲಿ" ಎಂದರು ಗುರುಗಳು. ಅವನು ಸುಲಿಯಲಿಲ್ಲ.

ಗುಡ್ಡದ ಇಳಿಜಾರಿನಲ್ಲಿ ಆಯಿತು. ಸಡಿಲವಾಗಿದ್ದ ತಟ್ಟೆ ಅಲುಗಾಡಿ ಅಲುಗಾಡಿ ಹೊಸ ಬೆಲ್ಟನ್ನು ಅರೆದುಹಾಕಿತ್ತು. ಅದರ ಚೂರು ಒಳಗೆ ಸಿಕ್ಕಿಕೊಂಡು ಹಿಂದಿನ ಚಕ್ರ ಕಚ್ಚಿ ಹಿಡಿದುಬಿಟ್ಟಿತು. ಓಡುತ್ತಿದ್ದ ಗಾಡಿ ನಿಂತಲ್ಲೇ ತಿರುಗಿ ಬಿತ್ತು. ಎದುರಿಗೆ ಒಂದು ಟ್ರ್ಯಾಕ್ಟರು ಬರುತ್ತಿತ್ತು. ಬಾಳೆಕಂದು ಕಟ್ಟಿ, ಹೂವಿನ ಹಾರ ಹಾಕಿ, ಪೂಜೆ ಮುಗಿಸಿ ಊರು ಸುತ್ತಲು ಹೊರಟಿದ್ದ ಟ್ರ್ಯಾಕ್ಟರು. ಪಾಪ, ಆ ಡ್ರೈವರು ಬ್ರೇಕು ಒತ್ತಿದ. ಆದರೂ ಅದರ ಟ್ರೇಲರಿನ ಚಕ್ರ ಅವಳ ಬಲಗಾಲಿನ ಮೇಲೆ ಹತ್ತಿ ಇಳಿಯಿತು.

ಅಯ್ಯೋ ಎಂದೆಯಾ? ಅನ್ನು. ದರ್ಜಿಗೆ ಅಷ್ಟೂ ಅನ್ನಲಾಗಲಿಲ್ಲ. ಫೋನಿನಲ್ಲಿ ಸುದ್ದಿ ಕೇಳಿದವನು ನಿಂತ ಹಾಗೆಯೇ ನಿಂತ. ಲಾರಿಯವನು ರಟ್ಟೆ ಹಿಡಿದು ಎಳೆದುಕೊಂಡು ಲಾರಿ ಹತ್ತಿಸಿದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಡಾಕ್ಟರು ಹೊರಗೆ ಬಂದು, ಪಾದ ಉಳಿಸಲಾಗುವುದಿಲ್ಲ, ಮೊಣಕಾಲಿನ ಕೆಳಗೆ ತೆಗೆಯಬೇಕು, ರುಜು ಹಾಕಿ ಎಂದರು. ಗುಂಡಿಗೆ ಅಂಥಾ ಚೆಂದದ ಕಾಜಾ ಹಾಕುವ ಕೈ, ಒಂದು ರುಜು ಹಾಕಲು ಮೂರು ಸಲ ಪ್ರಯತ್ನಿಸಿತು.

ಆ ಹಟ್ಟಿಯ ಹೆಂಗಸನ್ನು ಯಾರೋ ಟೆಂಪೋದಲ್ಲಿ ಕರೆತಂದರಂತೆ. ಅದೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಪುಣ್ಯಕ್ಕೆ ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಹೊರಗೆ ಬೆಂಚಿನ ಮೇಲೆ ಲಾರಿಯವನು ಕೊತಕೊತ ಕುದಿಯುತ್ತಿದ್ದ. "ಬೆಲ್ಟು ಮಾರಿದವನು ಡೂಪ್ಲಿಕೇಟ್ ಕೊಟ್ಟಿದ್ದಾನೆ ಭಾವ! ಅಂಗಡಿಗೆ ನುಗ್ಗಿ ಆ ನನ್ಮಗನ ಕೈ ಮುರೀತೀನಿ. ನೀವು ಸರಿಯಾಗೇ ಹಾಕಿದ್ರಿ, ನಾನೇ ಕಣ್ಣಾರೆ ನೋಡಿದೀನಿ" ಎಂದ.

ದರ್ಜಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತಲೆ ತಗ್ಗಿಸಿ ಕೂತ. ಆಗಲೂ ಸುಳ್ಳು ಹೇಳಲಿಲ್ಲ ನೋಡು. ಹರಿಶ್ಚಂದ್ರನ ಮೊಮ್ಮಗ! ಏನೂ ತಪ್ಪು ಮಾಡದ ಒಬ್ಬ ಅಂಗಡಿಯವನ ಕೈ ಮುರಿಯುವುದರಲ್ಲಿತ್ತು. ಅದನ್ನು ತಡೆಯಲೂ ಆ ಬಾಯಿ ತೆರೆಯಲಿಲ್ಲ.

ಮಾರನೆಯ ದಿನ ಅವಳಿಗೆ ಎಚ್ಚರವಾಯಿತು. ಹೊದಿಕೆಯ ಕೆಳಗೆ ಒಂದು ಕಡೆ ಕಾಲಿನ ಉಬ್ಬು ಕೊನೆತನಕ ಇತ್ತು, ಇನ್ನೊಂದು ಕಡೆ ನಡುವೆಯೇ ನಿಂತಿತ್ತು. ಅವಳು ಅದನ್ನು ನೋಡಿದಳು. ನರ್ಸಮ್ಮ ಅಲ್ಲವೇ, ಯಾರೂ ಹೇಳಬೇಕಾಗಲಿಲ್ಲ. ಬಹಳ ಹೊತ್ತು ಗೋಡೆ ಕಡೆ ತಿರುಗಿ ಅತ್ತಳು. ಅಣ್ಣ ಮತ್ತೆ ಅಂಗಡಿಯವನ ಮಾತು ತೆಗೆದ. ಅವಳು ಕಣ್ಣು ಒರೆಸಿಕೊಂಡು, "ಅಣ್ಣಾ, ಯಾರ ಮೈಮೇಲೂ ಕೈ ಮಾಡಬೇಡ, ನನ್ನಾಣೆ. ಹೋಗಿ ಒಂದು ಟೀ ತಂದುಕೊಡು" ಎಂದಳು.

ಅಣ್ಣ ಹೋದ. ಅವಳು ಗಂಡನನ್ನು ನೋಡಿದಳು.

"ಇನ್ನೂ ಜೇಬಲ್ಲೇ ಇದೆಯಾ?" ಎಂದಳು.

ಸಿಡಿಲು ಹೊಡೆದರೂ ಮನುಷ್ಯ ಹಾಗೆ ಆಗುವುದಿಲ್ಲ. ದರ್ಜಿ ಗೋಡೆ ಹಿಡಿದುಕೊಂಡ. ಇವಳಿಗೆ ಗೊತ್ತಿತ್ತು. ಇವಳಿಗೆ ಗೊತ್ತಿತ್ತು! ಅವನು ಜೇಬಿಗೆ ಕೈ ಹಾಕಿ ವಾಷರ್ ತೆಗೆದು ಅವಳ ಮಂಚದ ಮೇಲೆ ಇಟ್ಟ. ಆಗ ಅವನಿಗೆ ಬಾಯಿ ಬಂತು. "ಗೊತ್ತಿದ್ದೂ... ಗೊತ್ತಿದ್ದೂ ಯಾಕೆ ಹತ್ತಿದೆಯೇ? ಯಾಕೆ ಹತ್ತಿದೆ?" ಎಂದು ಹೋ ಎಂದು ಅತ್ತ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಪೇಪರ್ ಮಡಿಸುವಾಗ ನೀವು ಜೇಬಿಗೆ ಹಾಕಿಕೊಂಡಿದ್ದು ನೋಡಿದೆ" ಎಂದಳು. "ಅಣ್ಣನ ಮುಂದೆ ಕೇಳಿದರೆ ನಿಮಗೆ ಅವಮಾನ ಅಂತ ಸುಮ್ಮನಾದೆ. ಗೇಟಿನ ಹತ್ತಿರ ಕರೆದಿರಲ್ಲ, ಆಗ ಹೇಳ್ತೀರಿ ಅಂತ ನಿಂತೆ. ನೀವು ಹುಷಾರು ಅಂದಿರಿ. ಹಾಗಾದ್ರೆ ಅದು ಬೇಡದ ವಾಷರ್ರೇ ಇರಬೇಕು ಅಂದುಕೊಂಡೆ. ಅಪಾಯ ಇದ್ದಿದ್ರೆ ನನ್ನ ಹೋಗೋಕೆ ಬಿಡ್ತಿದ್ರಾ ನೀವು?"

ಗುರುಗಳು ನಿಲ್ಲಿಸಿದರು. ಮಡಿಲಿನ ಸಿಪ್ಪೆ ಕೊಡವಿದರು.

"ಆಮೇಲೆ ಅವನು ಏನು ಹೇಳಿದ ಬುದ್ಧಿ?" ಎಂದ ಮರುಳಯ್ಯ.

"ಅವನು ಹೇಳುವ ಹೊತ್ತು ದಾಟಿಹೋಗಿತ್ತು. ಅವನನ್ನು ಬಿಡು" ಎಂದರು ಗುರುಗಳು. ಮೊದಲ ಸಲ ತಲೆ ಎತ್ತಿ ಅವನ ಅಂಗಿಯ ಜೇಬನ್ನು ನೋಡಿದರು. ಮರುಳಯ್ಯನ ಕೈ ತಾನಾಗಿಯೇ ಹೋಗಿ ಅರಿಶಿನದ ಪತ್ರಿಕೆಯನ್ನು ಮುಚ್ಚಿಕೊಂಡಿತು.

"ಅಪಾಯ ಇದ್ದಿದ್ದರೆ ಮರುಳಯ್ಯನವರು ಸುಮ್ಮನಿರುತ್ತಿದ್ದರೇ ಎಂದು ಆ ಪತ್ರಿಕೆಯ ಹೆಣ್ಣುಮಗಳೂ ಈ ಹೊತ್ತು ಅಂದುಕೊಳ್ಳುತ್ತಿದ್ದಾಳೆ."